ಗರಗಸ ಕೊಳ್ಳುವ ಮೊದಲು ಒಂದು ಅರ ಕೊಳ್ಳಿ

ಮೊನ್ನೆ ಆಫೀಸಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಿದ್ದಾಗ ಸಹೋದ್ಯೋಗಿಯೊಬ್ಬರು, ಹಾಸನದ ಕಡೆಯವರು, ಕೇಳಿದರು: "ಅಲ್ಲಾ, ಹೊಸ ಮನೆ ಹಿತ್ತಲಲ್ಲಿ ಎರಡು ದೊಡ್ಡ ಓಕ್ ಮರ ಇವೆ. 2023ರ ಥರ ಮತ್ತೆ ಐಸ್ ಬಿದ್ರೆ ಕಷ್ಟ. ಒಂದು ಚೈನ್‌ಸಾ ತಂದಿಟ್ಕೊಳ್ಳೋಣ ಅಂತಿದೀನಿ. ನಿಮ್ ಹತ್ರ ಇದೆಯಂತಲ್ಲ, ಯಾವ ಬ್ರ್ಯಾಂಡ್ ಒಳ್ಳೇದು?"

"ಮೊದಲು ಒಂದು ಅರ ತಗೊಳ್ಳಿ ಸರ್" ಅಂದೆ.

ಅವರು ನನ್ನ ಮುಖ ನೋಡಿದರು. ಅರ ಅಂದ್ರೆ? ಪಾಪ, ಅವರದ್ದೇನೂ ತಪ್ಪಿಲ್ಲ. ಮೂರು ವರ್ಷದ ಹಿಂದೆ ನನಗೂ ಆ ಪದ ಮರೆತೇ ಹೋಗಿತ್ತು. ಗರಗಸದ ಹಲ್ಲು ಉಜ್ಜಿ ಚೂಪು ಮಾಡುವ ಉದ್ದನೆಯ ಉಕ್ಕಿನ ಕಡ್ಡಿ. ನಮ್ಮೂರಲ್ಲಿ ಬಡಗಿಯ ಚೀಲದಲ್ಲಿ ಎಂದೆಂದಿಗೂ ಇರುತ್ತಿತ್ತು. ಅದರ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು 2023ರ ಕಥೆ ಹೇಳಲೇಬೇಕು, ಇಲ್ಲದಿದ್ದರೆ ನಾನ್ಯಾಕೆ ಚೈನ್‌ಸಾ ಅಂದ ಕೂಡಲೇ ಹೀಗೆ ಮುಖ ಗಂಟು ಹಾಕಿಕೊಳ್ತೀನಿ ಅಂತ ನಿಮಗೆ ಗೊತ್ತಾಗೋದಿಲ್ಲ.

ಟೆಕ್ಸಸ್ ಅಂದರೆ ಬಿಸಿಲು ಅಂತ ನಂಬಿಕೊಂಡು ಬಂದವನು ನಾನು. 2021ರ ಫೆಬ್ರವರಿಯಲ್ಲಿ ಇಲ್ಲಿ ಹಿಮ ಬಿದ್ದು ಕರೆಂಟಿನ ಗ್ರಿಡ್ಡೇ ಕೈಕೊಟ್ಟಿದ್ದು ಎಲ್ಲರಿಗೂ ನೆನಪಿರಬಹುದು. ಆದರೆ 2023ರದ್ದು ಬೇರೆ ಥರದ್ದು. ಆಗ ಗ್ರಿಡ್ಡಿಗೆ ಏನೂ ಆಗಿರಲಿಲ್ಲ, ಮರಗಳು ಮುರಿದು ತಂತಿಯ ಮೇಲೆ ಬಿದ್ದವು. ಜನವರಿ 31ರಿಂದ ಫೆಬ್ರವರಿ 2ರವರೆಗೆ ಆಸ್ಟಿನ್ನಿನಲ್ಲಿ ಬಿದ್ದದ್ದು ಹಿಮ ಅಲ್ಲ, ಮಳೆ. ಮೇಲೆ ಬೆಚ್ಚಗಿನ ಗಾಳಿ, ನೆಲದ ಹತ್ತಿರ ಸೊನ್ನೆಗಿಂತ ಕಡಿಮೆ. ಹನಿ ನೀರಾಗಿಯೇ ಬಂದು, ಎಲೆ ತಾಗಿದ ಕ್ಷಣ ಗಾಜಾಗುತ್ತದೆ. ನೋಡೋಕೆ ಬಹಳ ಚೆಂದ. ಮೊದಲ ದಿನ ನಾನೂ ಫೋಟೋ ತೆಗೆದು ಊರಿಗೆ ಕಳಿಸಿದ್ದೆ, ಅದೊಂದು ನಾಚಿಕೆ.

ಎರಡನೇ ರಾತ್ರಿ ಸದ್ದು ಶುರುವಾಯಿತು. ಬಿದಿರು ಮೆಳೆಗೆ ಬೆಂಕಿ ಬಿದ್ದಾಗ ಗಂಟುಗಳು ಸಿಡಿಯುವುದನ್ನು ಕೇಳಿದವರಿಗೆ ಹೇಳಬೇಕಾಗಿಲ್ಲ. ಪಟ್, ಪಟಾರ್, ಆಮೇಲೆ ಗಾಜಿನ ಬಳೆಯ ರಾಶಿ ನೆಲಕ್ಕೆ ಸುರಿದ ಹಾಗೆ ಒಂದು ಸದ್ದು. ಬೆಳಗಿನ ತನಕ. ಊರಲ್ಲಿ ಸುಮಾರು 1.7 ಲಕ್ಷ ಗ್ರಾಹಕರಿಗೆ ಕರೆಂಟಿಲ್ಲ.

ಇಷ್ಟೊಂದು ಮರ ಯಾಕೆ ಮುರಿದವು? ಇಲ್ಲಿನ ಲೈವ್ ಓಕ್ ಚಳಿಗಾಲದಲ್ಲಿ ಎಲೆ ಉದುರಿಸುವುದಿಲ್ಲ, ಹಳೆ ಎಲೆ ಬೀಳುವುದು ವಸಂತ ಬಂದ ಮೇಲೆ. ಹಾಗಾಗಿ ಐಸಿಗೆ ಕೂರಲು ಬೇಕಾದಷ್ಟು ಜಾಗ. ಕರೆಂಟಿಲ್ಲದ ಆ ದಿನ ಮಾಡಲು ಬೇರೆ ಕೆಲಸ ಇಲ್ಲದೆ ನಾನು ಒಂದು ಲೆಕ್ಕ ಹಾಕಿದೆ (ಇಂಜಿನಿಯರಿಂಗ್ ಓದಿದ್ದು ಎಲ್ಲಾದರೂ ಉಪಯೋಗಕ್ಕೆ ಬರಲಿ ಅಂತ). 5 ಮಿಲಿಮೀಟರ್ ದಪ್ಪದ ಹಸಿ ಕಡ್ಡಿ, ಒಂದು ಮೀಟರ್ ಉದ್ದ, ತೂಕ ಹೆಚ್ಚುಕಡಿಮೆ 20 ಗ್ರಾಂ. ಅದರ ಸುತ್ತ ಬರೀ 6 ಮಿಲಿಮೀಟರ್ ಐಸ್ ಕಟ್ಟಿದರೆ ಆ ಐಸಿನ ತೂಕ 190 ಗ್ರಾಂ. ತನ್ನ ತೂಕದ ಒಂಬತ್ತೂವರೆ ಪಟ್ಟು! ಎಲೆಯದ್ದನ್ನು ಸೇರಿಸಿಯೇ ಇಲ್ಲ. ನಮ್ಮ ಬೆನ್ನ ಮೇಲೆ ಒಂಬತ್ತು ಜನ ಹತ್ತಿ ಕೂತ ಹಾಗೆ.

ಆಗ ನಾನು ಅಣ್ಣನ ಮನೆಯಲ್ಲಿ ಇದ್ದೆ. ಅಣ್ಣ ಅಂದರೆ ದೊಡ್ಡಪ್ಪನ ಮಗ. ಅವರ ಹಿತ್ತಲಿನ ಓಕಿನದ್ದು ಒಂದು ದಪ್ಪ ಕೊಂಬೆ ಬುಡದಲ್ಲಿ ಅರ್ಧ ಸೀಳಿ, ತುದಿ ನೆಲಕ್ಕೆ ಊರಿ ನಿಂತಿತ್ತು. ಶುಕ್ರವಾರ ಮರ ಕಡಿಯುವವರಿಗೆ ಫೋನ್ ಮಾಡಿದರೆ 900 ಡಾಲರ್ ಅಂದರು, ಅದೂ ಹತ್ತು ದಿನ ಬಿಟ್ಟು. "ಒಂದು ಕೊಂಬೆಗೆ 900 ಡಾಲರಾ? ನಮ್ಮೂರಲ್ಲಾದ್ರೆ ಇಡೀ ತೋಟದ ಮರಗಸಿ ಮಾಡಿಸಬಹುದು" ಅಂತ ಅಣ್ಣ ಫೋನಿಟ್ಟ. 2021ರ ನಂತರ ಹುಮ್ಮಸ್ಸಿನಲ್ಲಿ ಕೊಂಡಿದ್ದ ಚೈನ್‌ಸಾ ಗ್ಯಾರೇಜಿನಲ್ಲಿ ಇತ್ತು. ಅಲ್ಲಿಂದಲೇ ನಮ್ಮ ಶನಿ ಶುರು.

ಫೆಬ್ರವರಿ 4, ಶನಿವಾರ. ಹೊರಗೆ ತಂದು ಹಗ್ಗ ಎಳೆದರೆ ಸ್ಟಾರ್ಟೇ ಆಗಲಿಲ್ಲ. ಯಾಕಾದೀತು? ಟ್ಯಾಂಕಿನಲ್ಲಿ ಇದ್ದದ್ದು ಎರಡು ವರ್ಷದ ಹಿಂದಿನ ಪೆಟ್ರೋಲು. ಇಬ್ಬರೂ ಸರದಿಯಲ್ಲಿ ಎಳೆದು ಎಳೆದು ಭುಜ ಹಿಡಿದುಕೊಂಡ ಮೇಲೆ, ಹಳೇದನ್ನು ಚೆಲ್ಲಿ ಹೊಸದು ಹಾಕಿ, ಹೇಗೋ ಕೆಮ್ಮುತ್ತಾ ಸ್ಟಾರ್ಟ್ ಆಯಿತು. ಮೊದಲು ನೆಲದ ಮೇಲೆ ಬಿದ್ದಿದ್ದ ಕೊಂಬೆಗಳನ್ನು ಕತ್ತರಿಸಿದೆವು. ಎಷ್ಟೋ ಸಲ ಚೈನು ಮಣ್ಣಿಗೆ ತಾಗಿತು. ಹಲ್ಲು ಮೊಂಡಾಗಲು ಅಷ್ಟೇ ಸಾಕು ಅಂತ ನಮಗೆ ಗೊತ್ತಿರಲಿಲ್ಲ. ಆಮೇಲೆ ಅಣ್ಣ ಏಣಿ ಹಾಕಿ ಹತ್ತಿದ. ನಾನು ಕೆಳಗೆ ಏಣಿ ಹಿಡಿದೆ. ಇಬ್ಬರ ಕಾಲಲ್ಲೂ ಓಡಾಡುವ ಬಟ್ಟೆ ಶೂ. ಹೆಲ್ಮೆಟ್ಟು ಗಿಲ್ಮೆಟ್ಟು ಏನೂ ಇಲ್ಲ.

ಮೆಷಿನ್ನು ಕೊಯ್ಯುತ್ತಲೇ ಇರಲಿಲ್ಲ. ರಾಗಿ ಹಿಟ್ಟಿನ ಥರ ನುಣ್ಣನೆ ಪುಡಿ ಉದುರುತ್ತಿತ್ತು, ಹೊಗೆ ಬರುತ್ತಿತ್ತು. ಅಣ್ಣ "ಹೋಗ್ತಾ ಇಲ್ಲ ಕಣೋ" ಅಂದ. "ಸ್ವಲ್ಪ ಒತ್ತು" ಅಂದೆ. ಈ ಎರಡು ಶಬ್ದ ಹೇಳಿದ್ದು ನಾನೇ. ಅಣ್ಣ ಮೈಭಾರ ಹಾಕಿ ಒತ್ತಿದ. ಕೊಂಬೆ ತಟ್ಟನೆ ಬಿಟ್ಟುಕೊಂಡಿತು. ತುದಿ ನೆಲಕ್ಕೆ ಊರಿದ್ದರಿಂದ ಅದು ನೇರ ಕೆಳಗೆ ಬೀಳದೆ ಬುಡ ನಮ್ಮ ಕಡೆಗೇ ಬೀಸಿ ಬಂದು ಏಣಿಗೆ ಬಡಿಯಿತು. ಏಣಿ, ಅಣ್ಣ, ಮೆಷಿನ್ನು ಮೂರೂ ಮೂರು ದಿಕ್ಕಿಗೆ. ಮೆಷಿನ್ನು ನನ್ನ ಎಡಗಾಲಿನಿಂದ ಒಂದು ಗೇಣು ದೂರದಲ್ಲಿ ಬಿತ್ತು. ಕೈ ಬಿಟ್ಟಿದ್ದರಿಂದ ಚೈನು ನಿಂತಿತ್ತು, ಇಂಜಿನ್ನು ಮಾತ್ರ ಗುರ್ ಅನ್ನುತ್ತಾ ಹುಲ್ಲಿನ ಮೇಲೆ ಬಿದ್ದಿತ್ತು. ಫುಲ್ ಸ್ಪೀಡಿನಲ್ಲಿ ಆ ಚೈನು ಸೆಕೆಂಡಿಗೆ 20 ಮೀಟರಿನ ಆಸುಪಾಸು ಓಡುತ್ತದೆ ಅಂತ ಆಮೇಲೆ ಓದಿದೆ. ಓದಬಾರದಿತ್ತು.

ಅಣ್ಣನ ಬಲ ಮಣಿಕಟ್ಟು ಮುರಿದಿತ್ತು. ಪ್ಲೇಟು, ಸ್ಕ್ರೂ, ಮೂರು ತಿಂಗಳು ಎಡಗೈಯಲ್ಲಿ ಟೈಪಿಂಗು. ಇನ್ಷೂರೆನ್ಸ್ ಇದ್ದೂ ಕೈಯಿಂದ ಕೊಟ್ಟದ್ದು 900 ಡಾಲರಿನ ಎಷ್ಟೋ ಪಟ್ಟು. ಆಸ್ಪತ್ರೆಯಲ್ಲಿ ಕೂತಾಗ ಅತ್ತಿಗೆ ಒಂದೇ ಒಂದು ಮಾತು ಕೇಳಿದರು. "ಆ ಕೊಂಬೆ ಅಲ್ಲೇ ಹತ್ತು ದಿನ ನೇತಾಡ್ಕೊಂಡಿದ್ದಿದ್ರೆ ಯಾರಿಗೆ ಏನಾಗ್ತಿತ್ತು?"

ಯಾರಿಗೂ ಏನೂ ಆಗುತ್ತಿರಲಿಲ್ಲ. ಅದರ ಕೆಳಗೆ ಇದ್ದದ್ದು ಬರೀ ಹುಲ್ಲು. ಮನೆ ಇಲ್ಲ, ಕಾರಿಲ್ಲ, ದಾರಿ ಇಲ್ಲ. ಮಕ್ಕಳು ಆ ಕಡೆ ಹೋಗದ ಹಾಗೆ ಒಂದು ಹಗ್ಗ ಕಟ್ಟಿದ್ದರೆ ಮುಗಿಯುತ್ತಿತ್ತು. ನನ್ನ ಅಭಿಪ್ರಾಯದ ಅರ್ಧ ಭಾಗ ಅತ್ತಿಗೆಯ ಆ ಪ್ರಶ್ನೆಯಲ್ಲೇ ಇದೆ. ಬಿರುಗಾಳಿ ಆದ ಮೇಲಿನ ಅವಸರ ಮುಕ್ಕಾಲು ಪಾಲು ಸುಳ್ಳು ಅವಸರ. ದಾರಿ ಕಟ್ಟಿದ ಮರ, ಸೂರಿನ ಮೇಲೆ ಒರಗಿದ ಮರ, ಇವು ಸರಿ, ಅವಕ್ಕೆ ಅವಸರ ಇದೆ. ತಂತಿಗೆ ತಾಗಿದ್ದನ್ನಂತೂ ಕರೆಂಟಿನವರು ಬರುವ ತನಕ ಯಾರೂ ಮುಟ್ಟಬಾರದು, ಕರೆಂಟ್ ಹೋಗಿದೆ ಅಂತ ಅನಿಸಿದರೂ. ಉಳಿದದ್ದೆಲ್ಲ ಕಣ್ಣಿಗೆ ಹಾಳು ಕಾಣುತ್ತದೆ ಅಷ್ಟೇ. ಭಾನುವಾರದೊಳಗೆ ಎಲ್ಲ ಕ್ಲೀನ್ ಆಗಬೇಕು ಅನ್ನುವುದು ನಮ್ಮ ಸಾಫ್ಟ್‌ವೇರ್ ಬುದ್ಧಿ, ಶುಕ್ರವಾರ ಬಂದ ಬಗ್ಗನ್ನು ಸೋಮವಾರ ಬೆಳಗಿನೊಳಗೆ ಮುಚ್ಚಬೇಕಲ್ಲ!

ಆ ಸಂಜೆ ಆಸ್ಪತ್ರೆಯಿಂದ ಬಂದು ನೋಡಿದರೆ ನಾವು ಕಡಿದ ಗಾಯಗಳಿಗೆಲ್ಲ ಯಾರೋ ಕಪ್ಪು ಬಣ್ಣ ಬಳಿದಿದ್ದರು. ಪಕ್ಕದ ಮನೆಯ ಅಜ್ಜ. ನಮ್ಮ ಗದ್ದಲ ಕೇಳಿ ಬಂದು, ನಾವು ಆಸ್ಪತ್ರೆಗೆ ಹೋದ ಮೇಲೆ, ತನ್ನ ಮನೆಯ ಪೇಂಟ್ ಡಬ್ಬಿ ತಂದು ಕೈಗೆಟುಕಿದ್ದಕ್ಕೆಲ್ಲ ಕೋಲಿಗೆ ಬ್ರಷ್ಷು ಕಟ್ಟಿ ಬಳಿದು ಹೋಗಿದ್ದರು. ಅವರು ಹೇಳಿದ ಮೇಲೆಯೇ ನನಗೆ ಓಕ್ ವಿಲ್ಟ್ ಅನ್ನುವ ರೋಗದ ಬಗ್ಗೆ ಗೊತ್ತಾದದ್ದು. ಅದೊಂದು ಶಿಲೀಂಧ್ರ. ಓಕಿನ ಹಸಿ ಗಾಯಕ್ಕೆ ರಸ ಕುಡಿಯಲು ಬರುವ ಪುಟ್ಟ ಜೀರುಂಡೆಗಳು ಅದನ್ನು ಮರದಿಂದ ಮರಕ್ಕೆ ಹೊತ್ತೊಯ್ಯುತ್ತವೆ. ಅದಕ್ಕೇ ಇಲ್ಲಿ ಫೆಬ್ರವರಿಯಿಂದ ಜೂನ್ ತನಕ ಓಕ್ ಮರ ಸವರಬೇಡಿ, ಯಾವ ಕಾಲದಲ್ಲೇ ಕಡಿದರೂ ತಕ್ಷಣ ಬಣ್ಣ ಬಳಿಯಿರಿ ಅಂತ ಟೆಕ್ಸಸ್ ಎ ಅಂಡ್ ಎಂ ಅರಣ್ಯ ಸೇವೆಯವರು ಹೇಳುತ್ತಾರೆ. ಬಿರುಗಾಳಿ ಬಂದದ್ದು ಸರಿಯಾಗಿ ಆ ಗಡುವಿನ ಹೊಸ್ತಿಲಲ್ಲಿ.

ಇನ್ನೊಂದು ವಿಷಯ ಕೇಳಿ ನನಗೆ ನಿದ್ದೆ ಹೋಯಿತು. ಅಕ್ಕಪಕ್ಕದ ಲೈವ್ ಓಕುಗಳ ಬೇರುಗಳು ನೆಲದಡಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒಂದಕ್ಕೆ ಬಂದ ರೋಗ ಬೇರಿನ ಮೂಲಕವೇ ವರ್ಷಕ್ಕೆ ಸರಾಸರಿ 75 ಅಡಿ ಹರಡುತ್ತದೆ. ಅಂದರೆ ಅಜ್ಜ ಬಳಿದದ್ದು ನಮ್ಮ ಮೇಲಿನ ಪ್ರೀತಿಗೆ ಮಾತ್ರ ಅಲ್ಲ. ಬೇಲಿಯಾಚೆ ಅವರವು ನಾಲ್ಕು ಓಕ್ ಇದ್ದವು. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನಿಗೆ ಇದು ಹೊಳೆಯಬೇಕಿತ್ತು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ಮಳೆ ಹಿಡಿಯುವ ಮೊದಲು, ಹೊಡೆಯದವನ ತೋಟದಿಂದ ಪಕ್ಕದವನ ತೋಟಕ್ಕೂ ಕಷ್ಟ. ಅಪ್ಪಯ್ಯ ಇದನ್ನು ಪ್ರತಿ ವರ್ಷ ಹೇಳುತ್ತಿದ್ದರು. ಆಮೇಲಿನ ಎರಡು ಬೇಸಿಗೆ ನಾನು ಆ ಮರದ ಉದುರಿದ ಎಲೆಗಳನ್ನು ಹೆಕ್ಕಿ ಹೆಕ್ಕಿ ನೋಡುತ್ತಿದ್ದೆ. ಎಲೆಯ ನರ ಮಾತ್ರ ಹಳದಿ, ಕಂದು ಆದರೆ ರೋಗ ಅಂತ ಅರ್ಥ. ಪುಣ್ಯಕ್ಕೆ ಆಗಲಿಲ್ಲ.

ನಮ್ಮ ಬೀದಿಯಲ್ಲಿ ಇನ್ನೊಂದು ಅನ್ಯಾಯವೂ ನಡೆಯಿತು. ಎರಡು ಮೂರು ಕೊಂಬೆ ಮುರಿದ ಮರಗಳನ್ನು ಜನ ಹೆದರಿ ಬುಡಕ್ಕೇ ಕಡಿಸಿದರು. ಐಸ್ ಕರಗಿದ ಮೇಲೆ ಬಗ್ಗಿದ ಎಷ್ಟೋ ಗಿಡ ತಾನೇ ಎದ್ದು ನಿಲ್ಲುತ್ತದೆ. ಅರ್ಧಕ್ಕಿಂತ ಹೆಚ್ಚು ಹಂದರ ಉಳಿದಿದ್ದು, ಕಾಂಡ ಸೀಳದೆ ಇದ್ದರೆ ಒಂದು ವರ್ಷ ಕಾಯುವುದರಲ್ಲಿ ಕಳೆದುಕೊಳ್ಳುವುದೇನಿದೆ? ಇದೇ ಊರಿನ ಟ್ರೀಟಿ ಓಕಿಗೆ 1989ರಲ್ಲಿ ಒಬ್ಬ ಕಳೆನಾಶಕ ವಿಷ ಸುರಿದಿದ್ದ. ಮರ ಮೂರನೇ ಎರಡು ಪಾಲು ಸತ್ತೇ ಹೋಯಿತು. ಉಳಿದ ಒಂದು ಪಾಲು ಇವತ್ತಿಗೂ ನಿಂತಿದೆ, ಬೇಕಾದರೆ ಹೋಗಿ ನೋಡಿ ಬನ್ನಿ. ಮುರಿದ ಕೊಂಬೆಯನ್ನು ತೆಗೆಯಲೇಬೇಕಿದ್ದರೂ ಕಾಂಡಕ್ಕೆ ಸವರಿ ನುಣ್ಣಗೆ ಕೊಯ್ಯಬಾರದು. ಕೊಂಬೆ ಹೊರಡುವ ಜಾಗದಲ್ಲಿ ಕತ್ತಿನ ಪಟ್ಟಿಯಂತೆ ಉಬ್ಬಿರುತ್ತದಲ್ಲ, ಅದನ್ನು ಬಿಟ್ಟು ಅದರ ಹೊರಗೆ ಕೊಯ್ಯಬೇಕು. ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ. ಭಾರದ ಕೊಂಬೆಯಾದರೆ ಒಂದಡಿ ಈಚೆ ಕೆಳಗಿನಿಂದ ಸ್ವಲ್ಪ, ಆಮೇಲೆ ಮೇಲಿನಿಂದ ಪೂರ್ತಿ, ಭಾರ ಇಳಿದ ಮೇಲೆ ಕೊನೆಯ ಕೊಯ್ತ. ಇಲ್ಲದಿದ್ದರೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ.

ಇರ್ಲಿ, ಮೆಷಿನ್ನಿನ ಕಥೆಗೆ ಬರೋಣ. ಅಣ್ಣ ಅದರ ಮುಖ ನೋಡಲ್ಲ ಅಂದ. ಅತ್ತಿಗೆ ಕಸಕ್ಕೆ ಹಾಕಿ ಅಂದರು. ನಾನು ಇಟ್ಟುಕೊಂಡೆ. ಯಾಕೆ ಅಂತ ಸರಿಯಾಗಿ ಹೇಳಲಾರೆ, "ಸ್ವಲ್ಪ ಒತ್ತು" ಅಂದದ್ದು ಯಾಕೆ ತಪ್ಪಾಯಿತು ಅಂತ ತಿಳಿಯಬೇಕಿತ್ತು. ಒಂದು ಭಾನುವಾರ ರಟ್ಟು ಹಾಸಿ ಪೂರ್ತಿ ಬಿಚ್ಚಿದೆ.

ಒಳಗೆ ಇದ್ದದ್ದು ನಮ್ಮ ಸೋಮಾರಿತನದ ಮ್ಯೂಸಿಯಂ. ಏರ್ ಫಿಲ್ಟರಿನಲ್ಲಿ ಹಪ್ಪಳದಷ್ಟು ದಪ್ಪ ಹೊಟ್ಟು. ಚೈನು ಓಡುವ ಪಟ್ಟಿಯ ಸೀಳಿನಲ್ಲಿ ಆಯಿಲ್ಲು ಮತ್ತು ಮರದ ಪುಡಿ ಸೇರಿ ಅಂಟಾಗಿ, ಚೈನಿಗೆ ಆಯಿಲ್ ಬರುವ ತೂತೇ ಮುಚ್ಚಿಹೋಗಿತ್ತು. ಹೊಗೆ ಬಂದದ್ದು ಸುಮ್ಮನೆ ಅಲ್ಲ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10 ಶೇಕಡಾ ತನಕ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಪೆಟ್ರೋಲು ಕಾರ್ಬ್ಯುರೇಟರಿನಲ್ಲಿ ಅಂಟಾಗಿ ಕೂರುತ್ತದೆ. ಈಗ ನಾನು ಒಂದು ಲೀಟರಿಗೆ 20 ಮಿಲಿಲೀಟರ್ ಟೂ-ಸ್ಟ್ರೋಕ್ ಆಯಿಲ್ ಹಾಕಿ ಬೇಕಾದಷ್ಟೇ ಕಲಸಿಕೊಳ್ತೀನಿ (ನಮ್ಮದಕ್ಕೆ 50ಕ್ಕೆ 1, ನಿಮ್ಮದರ ಪುಸ್ತಕ ನೋಡಿಕೊಳ್ಳಿ). ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ನು ತಾನೇ ನಿಲ್ಲುವ ತನಕ ಓಡಿಸಿ ಇಡ್ತೀನಿ. ಬ್ಯಾಟರಿಯದ್ದು ತಗೊಂಡರೆ ಈ ರಗಳೆ ಯಾವುದೂ ಇಲ್ಲ, ಮನೆ ಬಳಕೆಗೆ ಅದೇ ವಾಸಿ ಅಂತ ಈಗ ಅನಿಸುತ್ತದೆ. ಆದರೆ ಚೈನು ಎರಡಕ್ಕೂ ಒಂದೇ. ಬ್ಯಾಟರಿ ಇದ್ದ ಮಾತ್ರಕ್ಕೆ ಹಲ್ಲು ಚೂಪಾಗುವುದಿಲ್ಲ.

ಅಸಲಿ ವಿಷಯ ಹಲ್ಲಿನದ್ದು. 16 ಇಂಚಿನ ನಮ್ಮ ಮೆಷಿನ್ನಿನ ಚೈನಿನಲ್ಲಿ 28 ಕೊಯ್ಯುವ ಹಲ್ಲು, 14 ಎಡಕ್ಕೆ, 14 ಬಲಕ್ಕೆ. ಅದಕ್ಕೆ 4 ಮಿಲಿಮೀಟರಿನ ಉರುಟು ಅರ ಬೇಕು (ಇಲ್ಲಿಯ ಅಳತೆಯಲ್ಲಿ 5/32 ಇಂಚು). ಬೇರೆ ಚೈನಿಗೆ ಬೇರೆ ಅಳತೆ. ಹಲ್ಲಿನ ತಲೆಯ ಮೇಲೆ ಒಂದು ಓರೆ ಗೆರೆ ಇರುತ್ತದೆ, 30 ಡಿಗ್ರಿ. ಅದೇ ಓರೆಯಲ್ಲಿ ಅರವನ್ನು ಒಳಗಿನಿಂದ ಹೊರಕ್ಕೆ ತಳ್ಳಬೇಕು. ವಾಪಸ್ ಎಳೆಯುವಾಗ ಎತ್ತಿಕೊಳ್ಳಬೇಕು, ಉಜ್ಜಬಾರದು. ಪ್ರತಿ ಹಲ್ಲಿಗೂ ಎಣಿಸಿ ಅಷ್ಟೇ ಸಲ. ಒಂದು ಕಡೆ ಹೆಚ್ಚಾದರೆ ಕೊಯ್ತ ಸೊಟ್ಟ ಹೋಗುತ್ತದೆ. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಗೂಟ ಇರುತ್ತದೆ, ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತೀರ್ಮಾನಿಸುವುದು ಅದೇ. ಹಲ್ಲು ಸವೆದ ಹಾಗೆ ಅದನ್ನೂ ಚಪ್ಪಟೆ ಅರದಿಂದ ಸ್ವಲ್ಪ ಇಳಿಸಬೇಕು. ಜಾಸ್ತಿ ಇಳಿಸಿದಿರೋ, ಮೆಷಿನ್ನು ಮರವನ್ನು ಕಚ್ಚಿ ಎಳೆದು ಕೈಯಿಂದ ಹಾರುತ್ತದೆ.

ಮೊದಲ ಸಲ ನನಗೆ ಎರಡು ಗಂಟೆ ಬೇಕಾಯಿತು. ಈಗ ಇಪ್ಪತ್ತು ನಿಮಿಷ. ಚೂಪಾದ ಚೈನು ಹಾಕಿ ಬಿದ್ದಿದ್ದ ಒಂದು ಒಣ ಕೊರಡಿನ ಮೇಲೆ ಇಟ್ಟಾಗ ನನಗೆ ನಿಜಕ್ಕೂ ಹೊಟ್ಟೆ ಕಿವುಚಿದ ಹಾಗಾಯಿತು. ಒತ್ತುವ ಪ್ರಶ್ನೆಯೇ ಇಲ್ಲ. ಮೆಷಿನ್ನಿನ ಭಾರವೇ ಸಾಕು, ತಾನಾಗಿ ಇಳಿಯುತ್ತದೆ. ಉದುರುವುದು ಪುಡಿ ಅಲ್ಲ, ಕೊಬ್ಬರಿ ತುರಿಯಂಥ ಚೂರು. ಆ ದಿನ ಅಣ್ಣ ಏಣಿಯ ಮೇಲೆ ಮೈಭಾರ ಹಾಕಿದ್ದು ಮರದ ಗಟ್ಟಿತನದಿಂದ ಅಲ್ಲವೇ ಅಲ್ಲ. ಇಪ್ಪತ್ತು ನಿಮಿಷದ ಕೆಲಸವೊಂದನ್ನು ನಾವು ಮಾಡಿರಲಿಲ್ಲ. (ಚೂಪಾಗಿದ್ದರೂ ಏಣಿಯ ಮೇಲೆ ಚೈನ್‌ಸಾ ಹಿಡಿಯಬಾರದು, ಭುಜಕ್ಕಿಂತ ಎತ್ತರಕ್ಕೆ ಎತ್ತಬಾರದು. ಅದು ಬೇರೆಯದೇ ಮೂರ್ಖತನ.)

ಚಿಕ್ಕಂದಿನಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮನೆಗೆ ಸೊಪ್ಪು ಕಡಿಯಲು ಬರುತ್ತಿದ್ದವರು ಮೊದಲ ಅರ್ಧ ಗಂಟೆ ಬಚ್ಚಲ ಪಕ್ಕದ ಕಲ್ಲಿನ ಮೇಲೆ ಕತ್ತಿ ಮಸೆಯುತ್ತಾ ಕೂರುತ್ತಿದ್ದರು. ಕೆಲಸ ಶುರು ಮಾಡದೆ ಟೈಂ ಪಾಸ್ ಮಾಡ್ತಾರೆ ಅಂತ ನನ್ನ ಲೆಕ್ಕ. ಅಪ್ಪಯ್ಯನ ಹತ್ತಿರ ಹೇಳಿಯೂ ಇದ್ದೆ. ಅಪ್ಪಯ್ಯ ನಕ್ಕು ಸುಮ್ಮನಾಗಿದ್ದರು. ನನ್ನನ್ನು ಕತ್ತಿ ಮುಟ್ಟಲೂ ಬಿಡುತ್ತಿರಲಿಲ್ಲ, ನೀನು ಓದು ಅಂತ. ಓದಿದೆ. ಓದಿ ಇಲ್ಲಿಗೆ ಬಂದು, ಕತ್ತಿಯನ್ನೇ ಸರಿಯಾಗಿ ಹಿಡಿಯದವನು ಪೆಟ್ರೋಲ್ ಗರಗಸದ ಕೆಳಗೆ ನಿಂತು "ಸ್ವಲ್ಪ ಒತ್ತು" ಅಂದೆ.

ಅದಕ್ಕೇ 900 ಡಾಲರ್ ಕೇಳುವವರ ಮೇಲೆ ನನಗೀಗ ಸಿಟ್ಟಿಲ್ಲ. ಹಗ್ಗ ಕಟ್ಟಿಕೊಂಡು ಮರ ಹತ್ತಿ, ಯಾವ ಕೊಂಬೆ ಯಾವ ಕಡೆ ಬಿಗಿದುಕೊಂಡಿದೆ, ಬಿಟ್ಟರೆ ಎತ್ತ ಚಿಮ್ಮುತ್ತದೆ ಅಂತ ಓದಬಲ್ಲವರು ಅವರು. ಮರ ಕಡಿಯುವುದು ಅಮೆರಿಕದಲ್ಲಿ ಅತಿ ಹೆಚ್ಚು ಜೀವ ತೆಗೆಯುವ ಕಸುಬುಗಳಲ್ಲಿ ಒಂದು. ಕೂತಲ್ಲಿ ಕೀಬೋರ್ಡ್ ಕುಟ್ಟಿ ನಾವು ತೆಗೆದುಕೊಳ್ಳುವ ಗಂಟೆಯ ಲೆಕ್ಕಕ್ಕೆ ಹೋಲಿಸಿ ಅವರದ್ದು ದುಬಾರಿ ಅನ್ನುವುದು ನನ್ನ ಬಾಯಲ್ಲಿ ಬರುವುದಿಲ್ಲ. ಬಿರುಗಾಳಿಯ ಮರುದಿನ ಬಾಗಿಲು ತಟ್ಟಿ "ಇವತ್ತೇ ಕ್ಯಾಶ್ ಕೊಟ್ಟರೆ ಅರ್ಧ ರೇಟು" ಅನ್ನುವವರ ಮಾತು ಬೇರೆ, ಅವರಿಗೆ ಬಾಗಿಲು ಹಾಕಿ.

ಹಾಗಾದರೆ ಚೈನ್‌ಸಾ ಕೊಳ್ಳಲೇಬಾರದಾ? ಕೊಳ್ಳಿ. ಆದರೆ ಐಸ್ ಬಿದ್ದ ಮರುದಿನ ಅಂಗಡಿಯ ಕ್ಯೂನಲ್ಲಿ ನಿಂತು ಬೇಡ. ಸೆಪ್ಟೆಂಬರಿನಲ್ಲಿ ಕೊಳ್ಳಿ. ಮೆಷಿನ್ನಿಗೆ ಮೊದಲು ಕಾಲಿಗೆ ಕಟ್ಟುವ ಚ್ಯಾಪ್ಸ್, ಹೆಲ್ಮೆಟ್ಟು, ಕಿವಿಗೆ ಮಫ್, ಗಟ್ಟಿ ಬೂಟು ಕೊಳ್ಳಿ. ಚ್ಯಾಪ್ಸ್ ಒಳಗಿನ ನೂಲು ಚೈನು ತಾಗಿದ ಕೂಡಲೇ ಎಳೆ ಎಳೆಯಾಗಿ ಸುತ್ತಿಕೊಂಡು ಮೆಷಿನ್ನನ್ನೇ ನಿಲ್ಲಿಸಿಬಿಡುತ್ತದೆ. ನೆಲದ ಮೇಲೆ ಬಿದ್ದಿರುವ ಕೊಂಬೆಗಳಿಗೆ ಮಾತ್ರ ಬಳಸಿ. ಪಟ್ಟಿಯ ತುದಿಯ ಮೇಲ್ಭಾಗ ಯಾವುದಕ್ಕೂ ತಾಗದಂತೆ ನೋಡಿಕೊಳ್ಳಿ, ಮೆಷಿನ್ನು ಮುಖಕ್ಕೆ ಚಿಮ್ಮುವುದು ಅಲ್ಲಿಂದಲೇ. ಚೈನಿನ ಬಿಗಿ ಪ್ರತಿ ಸಲ ನೋಡಿ. ಕೆಳಗೆ ಜೋಲಬಾರದು, ಕೈಯಲ್ಲಿ (ಗ್ಲೌಸ್ ಹಾಕಿಕೊಂಡು, ಇಂಜಿನ್ ನಿಲ್ಲಿಸಿ!) ಎಳೆದರೆ ಓಡಬೇಕು. ಪಟ್ಟಿಯನ್ನು ಆಗಾಗ ತಿರುವಿ ಹಾಕಿ, ಎರಡೂ ಅಂಚು ಸಮನಾಗಿ ಸವೆಯಲಿ. ಇಷ್ಟು ಮಾಡಲು ಬೇಸರ ಅನಿಸಿದರೆ ಮರ ಕಡಿಯುವವರ ನಂಬರ್ ಇಟ್ಟುಕೊಳ್ಳಿ, ಅದೂ ಒಳ್ಳೆಯ ತೀರ್ಮಾನವೇ.

ಹಾಸನದವರಿಗೆ ಇಷ್ಟೆಲ್ಲ ಹೇಳುವ ಹೊತ್ತಿಗೆ ಊಟದ ಸಮಯ ಮುಗಿದು ಮೀಟಿಂಗಿಗೆ ಹತ್ತು ನಿಮಿಷ ತಡವಾಗಿತ್ತು. ಶನಿವಾರ ಮನೆಗೆ ಬರ್ತೀನಿ, ಆ ಅರ ಹಿಡಿಯೋದು ಹೇಗೆ ತೋರಿಸಿ ಅಂದಿದ್ದಾರೆ. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ನಾನೂ ಬರ್ತೀನಿ, ದೂರ ಕೂತು ನೋಡ್ತೀನಿ" ಅಂದ. ಚಳಿ ಶುರುವಾದರೆ ಅವನಿಗೆ ಆ ಮಣಿಕಟ್ಟು ಈಗಲೂ ನೋಯುತ್ತದೆ.